ಅಳಿಸಲಾಗದ ಬರಹ: ಮೈಕ್ರೊಕಂಟ್ರೋಲರ್‌ಗಳ ಫ್ಯೂಸ್ ಮತ್ತು ಬೀಗದ ಬಿಟ್‌ಗಳು

ಕನ್ನಡ ನಾಡಿನಲ್ಲಿ ಬಳಕೆಯಲ್ಲಿದ್ದ ಬರಹದ ಸಾಧನಗಳನ್ನು ಅಳಿಸುವಿಕೆಯ ದೃಷ್ಟಿಯಿಂದ ನೋಡಿದರೆ ಅವುಗಳಲ್ಲಿ ಒಂದು ಶ್ರೇಣಿ ಕಾಣುತ್ತದೆ. ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿಯನ್ನು ಬಳಿದು ಗಟ್ಟಿ ಮಾಡಿದ ಬಟ್ಟೆಯ ಕಡತದ ಮೇಲೆ ಬಳಪದಿಂದ ಬರೆದ ಲೆಕ್ಕವನ್ನು ಒರೆಸಿ, ಅದೇ ಮಡಿಕೆಯಲ್ಲಿ ಮತ್ತೆ ಬರೆಯಬಹುದಾಗಿತ್ತು. ಕಂಟದಿಂದ ಕೊರೆದ ತಾಳೆಯೋಲೆಯ ಅಕ್ಷರವನ್ನು ಒರೆಸಲು ಬರುವುದಿಲ್ಲ; ತಪ್ಪಾದರೆ ಗೀಟು ಹೊಡೆಯಬೇಕು, ಇಲ್ಲವೇ ಓಲೆಯನ್ನೇ ಬದಲಿಸಬೇಕು. ದಾನಶಾಸನದ ತಾಮ್ರಪಟಗಳಲ್ಲಿ ಇದಕ್ಕಿಂತ ಒಂದು ಹೆಜ್ಜೆ ಮುಂದಿನ ಏರ್ಪಾಡಿದೆ. ಪಟಗಳನ್ನು ಒಂದು ಬಳೆಯಲ್ಲಿ ಪೋಣಿಸಿ, ಬಳೆಯ ಎರಡು ತುದಿಗಳನ್ನು ರಾಜಮುದ್ರೆಯ ಬುಡದಲ್ಲಿ ಬೆಸೆಯುತ್ತಿದ್ದರು. ಬಾದಾಮಿ ಚಾಲುಕ್ಯರ ಪಟಗಳಾದರೆ ಆ ಮುದ್ರೆಯ ಮೇಲೆ ವರಾಹವಿರುತ್ತದೆ. ನಡುವೆ ಒಂದು ಪಟವನ್ನು ಸೇರಿಸಬೇಕಾದರೂ ತೆಗೆಯಬೇಕಾದರೂ ಬಳೆಯನ್ನು ಕತ್ತರಿಸಲೇಬೇಕು. ಕತ್ತರಿಸಿದ್ದು ನೋಡಿದವರಿಗೆ ತಿಳಿಯುತ್ತದೆ.

ಇಂದಿನ ಎಲೆಕ್ಟ್ರಾನಿಕ್ ಉಪಕರಣಗಳ ಒಳಗಿರುವ ಚಿಪ್‌ಗಳಲ್ಲಿಯೂ ಈ ಮೂರು ಬಗೆಯ ಬರಹಗಳಿವೆ. ಒರೆಸಿ ಬರೆಯಬಹುದಾದ ಸ್ಮೃತಿ, ಒಮ್ಮೆ ಮಾತ್ರ ಬರೆಯಬಹುದಾದ ಸ್ಮೃತಿ, ಬರೆದದ್ದನ್ನು ಯಾರೂ ಓದದಂತೆ ಅಥವಾ ತಿದ್ದದಂತೆ ತಡೆಯುವ ಬೀಗ. ಆದರೆ ಕಡತ, ಓಲೆ, ಮುದ್ರೆ ಎಂಬ ಮೂರು ಹೆಸರುಗಳಿಂದ ನಮ್ಮ ಹಿರಿಯರು ಸ್ಪಷ್ಟವಾಗಿ ಬೇರೆಯಾಗಿಟ್ಟಿದ್ದ ಭೇದ ಈ ವೃತ್ತಿಯ ಮಾತಿನಲ್ಲಿ ಅಷ್ಟು ಸ್ಪಷ್ಟವಾಗಿಲ್ಲ. ಒರೆಸಬಹುದಾದದ್ದಕ್ಕೂ ಒರೆಸಲಾಗದ್ದಕ್ಕೂ ಅಲ್ಲಿ ‘ಫ್ಯೂಸ್’ ಎಂಬ ಒಂದೇ ಹೆಸರು ನಡೆಯುತ್ತದೆ. ಈ ಹೆಸರಿನ ಹಿಂದೆ ಒಂದು ಚರಿತ್ರೆಯಿದೆ; ಹೆಸರನ್ನು ನಂಬಿ ಕೆಟ್ಟ ಚಿಪ್‌ಗಳೂ ಕಡಿಮೆಯಿಲ್ಲ.

ಮೊದಲಿಗೆ ವಸ್ತುಸ್ಥಿತಿಯನ್ನು ತಿಳಿಯಬೇಕು. ಮೈಕ್ರೊಕಂಟ್ರೋಲರ್ ಎಂದರೆ ಲೆಕ್ಕ ಮಾಡುವ ಸಂಸ್ಕಾರಕ, ಕಾರ್ಯಕ್ರಮವನ್ನು ಇಟ್ಟುಕೊಳ್ಳುವ ಸ್ಮೃತಿ, ಹೊರಗಿನೊಂದಿಗೆ ವ್ಯವಹರಿಸುವ ಕಾಲುಗಳು ಇವೆಲ್ಲ ಒಂದೇ ಚಿಪ್‌ನಲ್ಲಿ ಕೂಡಿರುವ ಚಿಕ್ಕ ಗಣಕ. ಬಟ್ಟೆ ಒಗೆಯುವ ಯಂತ್ರ, ವಿದ್ಯುತ್ ಮೀಟರು, ಆಟಿಕೆ ಎಲ್ಲದರಲ್ಲಿಯೂ ಇದು ಇರುತ್ತದೆ. ಕಾರ್ಯಕ್ರಮ ಓಡಲು ತೊಡಗುವ ಮೊದಲೇ ಚಿಪ್‌ಗೆ ಕೆಲವು ಸಂಗತಿಗಳು ಗೊತ್ತಿರಬೇಕಾಗುತ್ತದೆ: ಗಡಿಯಾರದ ಮಿಡಿತ ಎಲ್ಲಿಂದ ಬರುತ್ತದೆ, ವಿದ್ಯುತ್ ಎಷ್ಟು ಕುಸಿದರೆ ಕೆಲಸ ನಿಲ್ಲಿಸಬೇಕು, ಎಚ್ಚರವಾದಾಗ ಸ್ಮೃತಿಯ ಯಾವ ಸ್ಥಾನದಿಂದ ಓದತೊಡಗಬೇಕು, ಮರುಚಾಲನೆಯ ಕಾಲು ಆ ಕೆಲಸಕ್ಕೇ ಮೀಸಲೋ ಬೇರೆ ಬಳಕೆಗೂ ಸಲ್ಲುತ್ತದೆಯೋ. ಇವನ್ನು ಕಾರ್ಯಕ್ರಮದೊಳಗೆ ಬರೆಯಲಾಗದು. ಕಾರ್ಯಕ್ರಮವನ್ನು ಓದುವುದಕ್ಕೇ ಇವು ಬೇಕು. ಆದ್ದರಿಂದ ಇವುಗಳಿಗಾಗಿ ಬೇರೆಯಾಗಿ ಕೆಲವು ಬಿಟ್‌ಗಳನ್ನು ಕಾದಿರಿಸಲಾಗುತ್ತದೆ. ಅವೇ ಫ್ಯೂಸ್ ಬಿಟ್‌ಗಳು.

ಮನೆಯ ಮಾತಿನಲ್ಲಿ ಫ್ಯೂಸ್ ಎಂದರೆ ಬೇರೆಯೇ ಅರ್ಥ. ಹೊರೆ ಹೆಚ್ಚಾದಾಗ ಕರಗಿ ಹೋಗುವ ತಂತಿ ಅದು. ‘ಫ್ಯೂಸ್ ಹೋಗಿದೆ’ ಎಂದರೆ ಕತ್ತಲು; ‘ಫ್ಯೂಸ್ ಕಟ್ಟಿದರು’ ಎಂದರೆ ಬೆಳಕು. ಅಲ್ಲಿ ಸುಡುವುದು ಅವಘಡ, ಕಟ್ಟುವುದು ಕೆಲಸ. ಚಿಪ್‌ನಲ್ಲಿ ಇದು ತಿರುವುಮುರುವಾಗಿದೆ: ಸುಡುವುದೇ ಕೆಲಸ, ಮತ್ತೆ ಕಟ್ಟುವುದೆಂಬುದಿಲ್ಲ. ಈ ಅರ್ಥಪಲ್ಲಟದ ಮೂಲ 1956ರಲ್ಲಿದೆ. ಆ ವರ್ಷ ಅಮೆರಿಕದ ಆರ್ಮಾ ಸಂಸ್ಥೆಯಲ್ಲಿದ್ದ ವೆನ್ ತ್ಸಿಂಗ್ ಚೌ, ಅಟ್ಲಾಸ್ ಕ್ಷಿಪಣಿಯ ಗಣಕಕ್ಕಾಗಿ, ಕಾರ್ಖಾನೆಯಿಂದ ಹೊರಬಂದ ಮೇಲೆ ಒಮ್ಮೆ ಬರೆಯಬಹುದಾದ ಸ್ಮೃತಿಯನ್ನು ರೂಪಿಸಿದರು. ಗುರಿಯ ವಿವರಗಳನ್ನು ಗಣಕದಲ್ಲಿ ಕೂರಿಸಬೇಕಾದ ಅಗತ್ಯ ಅದರ ಹಿಂದಿತ್ತು. ಬೇಡವಾದ ಸಂಪರ್ಕಗಳ ಮೂಲಕ ಮಿತಿಮೀರಿದ ವಿದ್ಯುತ್ತನ್ನು ಹರಿಸಿ ಆ ಎಳೆಗಳನ್ನು ನಿಜವಾಗಿಯೂ ಸುಡುತ್ತಿದ್ದರು. ಸ್ಮೃತಿಗೆ ಬರೆಯುವುದನ್ನು ಇಂದಿಗೂ ‘ಬರ್ನ್ ಮಾಡುವುದು’ ಎನ್ನುವ ರೂಢಿ ಅಲ್ಲಿಂದ ಬಂದದ್ದು. ಮುಂದೆ ಬಂದ ಚಿಪ್‌ಗಳಲ್ಲಿ ನಿಕ್ರೋಮ್ ಲೋಹದ ತೆಳುವಾದ ಪಟ್ಟಿಗಳು ಈ ಕೆಲಸವನ್ನು ಮಾಡಿದವು. ಅವುಗಳಲ್ಲಿ ಒಂದು ವಿಚಿತ್ರ ದೋಷ ಕಾಣಿಸಿಕೊಂಡಿತು: ಸುಟ್ಟು ಬೇರೆಯಾದ ಪಟ್ಟಿಯ ತುದಿಗಳು ಕೆಲವೊಮ್ಮೆ ಕಾಲಾಂತರದಲ್ಲಿ ಮತ್ತೆ ಕೂಡಿಕೊಳ್ಳುತ್ತಿದ್ದವು. ಫ್ಯೂಸ್ ‘ಮರಳಿ ಬೆಳೆಯುತ್ತದೆ’ ಎಂದೇ ಇಂಜಿನಿಯರುಗಳು ಅದನ್ನು ಕರೆದರು. ಅಳಿಸಲಾಗದ್ದೆಂದು ನಂಬಿದ ಬರಹ ತಾನಾಗಿ ಅಳಿಸಿಹೋಗುವ ಈ ಪ್ರಸಂಗವನ್ನು ನೆನಪಿನಲ್ಲಿಡಬೇಕು.

1971ರಲ್ಲಿ ಇಂಟೆಲ್ ಸಂಸ್ಥೆಯ ಡೊವ್ ಫ್ರೋಮನ್ ಇನ್ನೊಂದು ದಾರಿಯನ್ನು ತೋರಿಸಿದರು. ಲೋಹವನ್ನು ಸುಡುವ ಬದಲು, ಸುತ್ತಲೂ ನಿರೋಧಕವಿರುವ ಒಂದು ಪುಟ್ಟ ದ್ವೀಪದಲ್ಲಿ ವಿದ್ಯುದಂಶವನ್ನು ಕೂಡಿಡುವ ಉಪಾಯ ಅದು. ಚಿಪ್‌ನ ಮೇಲೆ ಸ್ಫಟಿಕದ ಕಿಟಕಿಯೊಂದಿದ್ದು, ಅದರ ಮೂಲಕ ಅತಿನೇರಳೆ ಕಿರಣಗಳನ್ನು ಬಿಟ್ಟರೆ ವಿದ್ಯುದಂಶ ಸೋರಿಹೋಗಿ ಬರಹ ಅಳಿಯುತ್ತಿತ್ತು. ಇಲ್ಲಿಯೇ ಒಂದು ಸ್ವಾರಸ್ಯವಿದೆ. ಕಿಟಕಿಯುಳ್ಳ ಕವಚಕ್ಕೆ ಖರ್ಚು ಹೆಚ್ಚು. ಹಾಗಾಗಿ ತಯಾರಕರು ಅದೇ ಚಿಪ್ಪನ್ನು ಕಿಟಕಿಯಿಲ್ಲದ ಪ್ಲಾಸ್ಟಿಕ್ ಕವಚದಲ್ಲಿಟ್ಟು, ‘ಒಮ್ಮೆ ಮಾತ್ರ ಬರೆಯಬಹುದಾದದ್ದು’ ಎಂದು ಅಗ್ಗಕ್ಕೆ ಮಾರಿದರು. ಪಿಐಸಿ16ಸಿ54 ಮೊದಲಾದ ಮೈಕ್ರೊಕಂಟ್ರೋಲರ್‌ಗಳು ಈ ಎರಡೂ ರೂಪಗಳಲ್ಲಿ ದೊರೆಯುತ್ತಿದ್ದವು. ಒಳಗಿನ ಕೋಶ ಎರಡರಲ್ಲಿಯೂ ಒಂದೇ. ‘ಒಮ್ಮೆ’ ಎಂಬುದು ಬರಹದ ಗುಣವಾಗಿರದೆ ಹೊದಿಕೆಯ ಗುಣವಾಗಿತ್ತು.

ಆ ಬಳಿಕ ವಿದ್ಯುತ್ತಿನಿಂದಲೇ ಅಳಿಸಬಹುದಾದ ಸ್ಮೃತಿಗಳು ಬಂದವು. ಎವಿಆರ್ ವಂಶದ ಚಿಪ್‌ಗಳು ಈ ಕಾಲದವು. ನಾರ್ವೆಯ ಟ್ರೋಂಡ್‌ಹೈಮ್‌ನಲ್ಲಿ ವಿದ್ಯಾರ್ಥಿಗಳಾಗಿದ್ದ ಆಲ್ಫ್ ಎಗಿಲ್ ಬೋಗೆನ್ ಮತ್ತು ವೆಗಾರ್ಡ್ ವೊಲಾನ್ ಇವುಗಳ ವಿನ್ಯಾಸವನ್ನು ಮಾಡಿದರು. ಆಟ್ಮೆಲ್ ಸಂಸ್ಥೆ ತಯಾರಿಸಿತು. 2016ರಲ್ಲಿ ಆ ಸಂಸ್ಥೆ ಮೈಕ್ರೋಚಿಪ್ ಸಂಸ್ಥೆಯ ಪಾಲಾಯಿತು. ಇವುಗಳ ಫ್ಯೂಸ್ ಬಿಟ್‌ಗಳಲ್ಲಿ ಸುಡುವ ಎಳೆ ಒಂದೂ ಇಲ್ಲ. ಅವು ಸಾವಿರಾರು ಸಲ ಬರೆದು ಅಳಿಸಬಹುದಾದ ಸಾಮಾನ್ಯ ಸ್ಮೃತಿಕೋಶಗಳೇ ಆಗಿವೆ. ಆದರೂ ಹೆಸರು ಉಳಿಯಿತು. ವಸ್ತು ಹೋಗಿ ಹೆಸರು ಉಳಿಯುವುದು ಭಾಷೆಯಲ್ಲಿ ಹೊಸದೇನೂ ಅಲ್ಲ. ಹೆಂಗಸರು ಕಿವಿಗೆ ತಾಳೆಗರಿಯ ಸುರುಳಿಯನ್ನಿಡುವ ವಾಡಿಕೆ ಹೋಗಿ ಬಂಗಾರ ಬಂದ ಮೇಲೂ ಆ ಆಭರಣ ‘ಓಲೆ’ಯೇ ಆಗಿದೆ, ಸರ್ಕಾರಿ ಕಚೇರಿಯ ಕಾಗದದ ಕಂತೆ ಇಂದಿಗೂ ‘ಕಡತ’ವೇ. ಬಂಗಾರದ ಓಲೆಯನ್ನು ತಾಳೆಗರಿಯೆಂದು ಭ್ರಮಿಸಿ ಯಾರೂ ಮೋಸಹೋಗುವುದಿಲ್ಲ, ಅಷ್ಟೇ ವ್ಯತ್ಯಾಸ. ಎವಿಆರ್ ಚಿಪ್‌ನ ಫ್ಯೂಸ್ ಸುಟ್ಟರೆ ಕೆಟ್ಟಿತು ಎಂದು ಅಂಜುವವರೂ, ಎವಿಆರ್‌ನಲ್ಲಿ ತಿದ್ದಿ ಅಭ್ಯಾಸವಾಗಿ ಬೇರೆ ಚಿಪ್‌ನ ನಿಜವಾದ ಫ್ಯೂಸನ್ನು ಅಂಜಿಕೆಯಿಲ್ಲದೆ ಸುಡುವವರೂ ಇದ್ದಾರೆ. ಎರಡನೆಯ ತಪ್ಪಿಗೆ ಪರಿಹಾರವಿಲ್ಲ.

ಆರ್ಡುಯಿನೊ ಊನೊ ಫಲಕದಿಂದ ಪ್ರಸಿದ್ಧವಾದ ಎಟಿಮೆಗಾ328ಪಿ ಚಿಪ್ಪನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಇದರಲ್ಲಿ ಕೆಳಗಿನದು, ಮೇಲಿನದು, ಹೆಚ್ಚುವರಿಯದು ಎಂದು ಮೂರು ಫ್ಯೂಸ್ ಬೈಟ್‌ಗಳಿವೆ. ಕಾರ್ಖಾನೆಯಿಂದ ಬರುವಾಗ ಅವುಗಳ ಬೆಲೆ, ಹದಿನಾರರ ಸಂಖ್ಯಾಪದ್ಧತಿಯಲ್ಲಿ, ಕ್ರಮವಾಗಿ 62, ಡಿ9 ಮತ್ತು ಎಫ್‌ಎಫ್. ಇಲ್ಲಿ ಮೊದಲು ತಿಳಿಯಬೇಕಾದದ್ದು ಸೊನ್ನೆಯ ಅರ್ಥ. ಅಳಿಸಿದ ಸ್ಮೃತಿಕೋಶವನ್ನು ಓದಿದರೆ 1 ಬರುತ್ತದೆ, ಬರೆದ ಕೋಶದಲ್ಲಿ 0 ಬರುತ್ತದೆ. ಆದ್ದರಿಂದ ತಯಾರಕರ ಕೈಪಿಡಿಯಲ್ಲಿ ಫ್ಯೂಸ್ ‘ಹಾಕಿದೆ’ ಎಂದರೆ 0, ‘ಹಾಕಿಲ್ಲ’ ಎಂದರೆ 1. ಹೌದೆನ್ನುವುದಕ್ಕೆ ಒಂದು, ಇಲ್ಲವೆನ್ನುವುದಕ್ಕೆ ಸೊನ್ನೆ ಎಂದು ರೂಢಿಯಾದವರಿಗೆ ಇದು ಮೊದಲ ಎಡವು.

62 ಎಂಬುದನ್ನು ಬಿಡಿಸಿ ಬರೆದರೆ 01100010. ಎಡತುದಿಯ ಸೊನ್ನೆಯ ಅರ್ಥ, ಗಡಿಯಾರವನ್ನು ಎಂಟರಿಂದ ಭಾಗಿಸು ಎಂಬ ಫ್ಯೂಸ್ ಹಾಕಿದೆ ಎಂದು. ಬಲಗಡೆಯ ನಾಲ್ಕು ಬಿಟ್‌ಗಳಾದ 0010, ಗಡಿಯಾರ ಚಿಪ್‌ನೊಳಗಿನದೇ ಎಂದು ಹೇಳುತ್ತವೆ. ಒಳಗಿನ ಗಡಿಯಾರದ ವೇಗ 8 ಮೆಗಾಹರ್ಟ್ಸ್. ಎಂಟರಿಂದ ಭಾಗಿಸಿದಾಗ ಚಿಪ್ ಓಡುವುದು 1 ಮೆಗಾಹರ್ಟ್ಸ್‌ನಲ್ಲಿ. ಈ ಭಾಗಾಕಾರ ಬೇಡವೆನ್ನುವವರು ಆ ಒಂದು ಬಿಟ್ಟನ್ನು ಬದಲಿಸಿ ಇ2 ಎಂದು ಬರೆಯುತ್ತಾರೆ. ಸೊನ್ನೆಯ ಅರ್ಥವನ್ನು ತಪ್ಪಾಗಿ ತಿಳಿದು ಇದನ್ನೇ ತಿರುವುಮುರುವಾಗಿ ಬರೆದರೆ ಅದು 1ಡಿ ಆಗುತ್ತದೆ. ಆಗ ಚಿಪ್ ಹೊರಗಿನಿಂದ ಒಂದು ಹರಳಿನ ಮಿಡಿತವನ್ನು ನಿರೀಕ್ಷಿಸುತ್ತದೆ. ಫಲಕದ ಮೇಲೆ ಹರಳು ಇಲ್ಲ. ಮಿಡಿತವಿಲ್ಲದೆ ಚಿಪ್ ಓಡುವುದಿಲ್ಲ. ಓಡದ ಚಿಪ್ ಬರಹಗಾರ ಸಾಧನದ ಕರೆಗೆ ಓಗೊಡುವುದಿಲ್ಲ. ತಪ್ಪನ್ನು ತಿದ್ದಲು ಇರುವ ಬಾಗಿಲು ಆ ತಪ್ಪಿನಿಂದಲೇ ಮುಚ್ಚಿಹೋಗುತ್ತದೆ. ಈ ಸ್ಥಿತಿಗೆ ಬಂದ ಚಿಪ್ಪನ್ನು ಈ ವೃತ್ತಿಯವರು ‘ಬ್ರಿಕ್’, ಅಂದರೆ ಇಟ್ಟಿಗೆ, ಎಂದು ಕರೆಯುತ್ತಾರೆ. ಹೆಸರು ಒಪ್ಪುವಂಥದ್ದೇ, ಆದರೆ ಈ ಸಂದರ್ಭದಲ್ಲಿ ಅವಸರದ್ದು. ಹೊರಗಿನ ಮಿಡಿತವನ್ನು ಬಯಸುತ್ತಿರುವ ಚಿಪ್‌ಗೆ ಅದನ್ನು ಒದಗಿಸಿದರೆ ಸಾಕು: ಒಂದು ಹರಳನ್ನು ಜೋಡಿಸಿದರೆ, ಇಲ್ಲವೇ ಬೇರೊಂದು ಚಿಪ್‌ನಿಂದ ಚೌಕಾಕಾರದ ಅಲೆಯನ್ನು ತಂದು ಗಡಿಯಾರದ ಕಾಲಿಗೆ ಕೊಟ್ಟರೆ ಅದು ಎಚ್ಚರಗೊಳ್ಳುತ್ತದೆ, ಫ್ಯೂಸನ್ನು ಸರಿಯಾಗಿ ಬರೆಯಬಹುದು.

ಮರುಚಾಲನೆಯ ಕಾಲನ್ನು ಸಾಮಾನ್ಯ ಕಾಲನ್ನಾಗಿ ಮಾಡುವ ಫ್ಯೂಸ್ ಇದಕ್ಕಿಂತ ಕಠಿಣವಾದದ್ದು. ಚಿಪ್ಪನ್ನು ಫಲಕದ ಮೇಲಿರುವಂತೆಯೇ ಬರೆಯುವ ವಿಧಾನಕ್ಕೆ ಆ ಕಾಲೇ ಹೆಬ್ಬಾಗಿಲು. ಒಂದು ಕಾಲು ಹೆಚ್ಚಿಗೆ ಸಿಗುತ್ತದೆಂಬ ಆಸೆಯಿಂದ ಇದನ್ನು ಹಾಕಿದರೆ ಹೆಬ್ಬಾಗಿಲು ಮುಚ್ಚುತ್ತದೆ. ಆಗ ಉಳಿಯುವುದು ಹಿತ್ತಿಲ ಬಾಗಿಲು ಮಾತ್ರ: ಆ ಕಾಲಿಗೆ 12 ವೋಲ್ಟ್ ಕೊಟ್ಟು ಬರೆಯುವ ವಿಧಾನ. ಫಲಕದಲ್ಲಿ ಬೆಸೆದಿರುವ ಚಿಪ್‌ಗೆ 12 ವೋಲ್ಟ್ ಕೊಟ್ಟರೆ ಸುತ್ತಲಿನ ಭಾಗಗಳು ಉಳಿಯುವ ಭರವಸೆಯಿಲ್ಲವಾದ್ದರಿಂದ ಚಿಪ್ಪನ್ನು ಕೀಳಬೇಕಾಗುತ್ತದೆ. ಇನ್ನೊಂದು ಫ್ಯೂಸ್, ಅಂದರೆ ಫಲಕದ ಮೇಲಿನ ಬರವಣಿಗೆಗೆ ಅನುಮತಿ ಕೊಡುವಂಥದ್ದು, ಆ ಬರವಣಿಗೆಯ ಮೂಲಕ ಬದಲಿಸಲು ಬರದಂತೆಯೇ ರಚಿತವಾಗಿದೆ. ತಾನು ಕುಳಿತ ಕೊಂಬೆಯನ್ನು ತಾನೇ ಕಡಿಯದಂತೆ ವಿನ್ಯಾಸಕಾರರು ವಹಿಸಿದ ಎಚ್ಚರಿಕೆ ಇದು. ಮರುಚಾಲನೆಯ ಕಾಲಿನ ವಿಷಯದಲ್ಲಿ ಇದೇ ಎಚ್ಚರಿಕೆ ಏಕಿಲ್ಲ ಎಂದು ಕೇಳಬಹುದು. ಕಾಲುಗಳು ಕಡಿಮೆಯಿರುವ ಚಿಪ್‌ಗಳಲ್ಲಿ ಆ ಒಂದು ಕಾಲಿಗೂ ಬೇಡಿಕೆಯಿದೆ ಎಂಬುದೇ ಉತ್ತರವಿರಬೇಕು.

ಇನ್ನು ಬೀಗದ ಬಿಟ್‌ಗಳು. ಇವು ಫ್ಯೂಸ್‌ಗಳಿಂದ ಬೇರೆಯಾದ ಬೈಟ್‌ನಲ್ಲಿರುತ್ತವೆ. ಇದೇ ಚಿಪ್‌ನಲ್ಲಿ ಮೊದಲ ಹಂತದ ಬೀಗ ಹಾಕಿದರೆ ಕಾರ್ಯಕ್ರಮವನ್ನಾಗಲಿ ಫ್ಯೂಸ್‌ಗಳನ್ನಾಗಲಿ ಹೊರಗಿನಿಂದ ಬದಲಿಸಲು ಬರುವುದಿಲ್ಲ. ಎರಡನೆಯ ಹಂತದ ಬೀಗ ಹಾಕಿದರೆ ಕಾರ್ಯಕ್ರಮವನ್ನು ಓದಲೂ ಬರುವುದಿಲ್ಲ. ಆದ್ದರಿಂದ ಮೊದಲು ಫ್ಯೂಸ್, ಕೊನೆಗೆ ಬೀಗ ಎಂಬ ಕ್ರಮವನ್ನು ತಪ್ಪಿಸುವಂತಿಲ್ಲ. ಬೀಗವನ್ನು ತೆಗೆಯುವ ದಾರಿ ಒಂದೇ, ಚಿಪ್ಪನ್ನು ಪೂರ್ತಿ ಅಳಿಸುವುದು. ಆ ಆಜ್ಞೆ ಕೊಟ್ಟಾಗ ಮೊದಲು ಕಾರ್ಯಕ್ರಮವೆಲ್ಲ ಅಳಿಯುತ್ತದೆ, ಅದು ಮುಗಿದ ಮೇಲೆಯೇ ಬೀಗ ಬಿಚ್ಚಿಕೊಳ್ಳುತ್ತದೆ. ಫ್ಯೂಸ್‌ಗಳು ಮಾತ್ರ ಹಾಗೆಯೇ ಉಳಿಯುತ್ತವೆ. ತಾಮ್ರಪಟದ ಬಳೆಯೊಂದಿಗೆ ಹೋಲಿಸಿದರೆ ಇದರ ಮರ್ಮ ತಿಳಿಯುತ್ತದೆ. ಬಳೆಯನ್ನು ಕತ್ತರಿಸಿದರೆ ಪಟಗಳು ಕೈಗೆ ಸಿಗುತ್ತವೆ, ಮುದ್ರೆಯ ಭರವಸೆ ಮಾತ್ರ ಹೋಗುತ್ತದೆ. ಇಲ್ಲಿ ಬಳೆಯನ್ನು ಕತ್ತರಿಸುವ ಕೈಗೆ ಪಟಗಳು ಸಿಗುವುದೇ ಇಲ್ಲ. ಸಿಗುವುದು ಖಾಲಿ ತಗಡು. ಬೀಗದ ಉದ್ದೇಶ ಚಿಪ್ಪನ್ನು ಕಾಪಾಡುವುದಕ್ಕಿಂತ ಅದರಲ್ಲಿರುವ ಬರಹವನ್ನು ಗುಟ್ಟಾಗಿಡುವುದು. ಉಪಕರಣವನ್ನು ಕೊಂಡವನಿಗೂ ಆ ಗುಟ್ಟು ತಿಳಿಯುವುದಿಲ್ಲ ಎಂಬುದನ್ನು ಗಮನಿಸಬೇಕು. ತಯಾರಕ ಸಂಸ್ಥೆ ಮುಚ್ಚಿಹೋದರೆ ಉಪಕರಣದ ರಿಪೇರಿ ಮಾಡುವವನ ಕೈಯಲ್ಲಿ ಉಳಿಯುವುದೂ ಆ ಖಾಲಿ ತಗಡೇ.

ನಿಜವಾದ ಸುಡುವಿಕೆ ಈಚಿನ ವರ್ಷಗಳಲ್ಲಿ ಮತ್ತೆ ಮರಳಿ ಬಂದಿದೆ. 2004ರಲ್ಲಿ ಐಬಿಎಂ ಸಂಸ್ಥೆ ‘ಇ-ಫ್ಯೂಸ್’ ಎಂಬುದನ್ನು ಪ್ರಕಟಿಸಿತು. ಇದರಲ್ಲಿ ವಿದ್ಯುತ್ ಪ್ರವಾಹದ ರಭಸಕ್ಕೆ ಲೋಹದ ಕಣಗಳು ಸರಿದು ಎಳೆಯ ಗುಣ ಬದಲಾಗುತ್ತದೆ. ಶಾಂಘೈನ ಎಸ್ಪ್ರೆಸಿಫ್ ಸಂಸ್ಥೆಯ ಇಎಸ್‌ಪಿ32 ಚಿಪ್‌ನಲ್ಲಿ 256 ಬಿಟ್‌ಗಳ ನಾಲ್ಕು ಖಂಡಗಳಲ್ಲಿ, ಒಟ್ಟು 1024 ಇಂತಹ ಬಿಟ್‌ಗಳಿವೆ. ಇಲ್ಲಿ 0 ಎಂದರೆ ಸುಡದ್ದು, 1 ಎಂದರೆ ಸುಟ್ಟದ್ದು. ಎವಿಆರ್‌ನಿಂದ ಬಂದವರಿಗೆ ಇದು ಮತ್ತೊಂದು ಎಡವು, ಮತ್ತು ಇಲ್ಲಿ ಎಡವಿದರೆ ಏಳುವುದಿಲ್ಲ. ಇದನ್ನು ಅರಿತೇ ಇರಬೇಕು, ಸುಡಲು ಬಳಸುವ ತಂತ್ರಾಂಶ ಕೆಲಸ ತೊಡಗುವ ಮೊದಲು, ಇದು ಹಿಂದಿರುಗಲಾಗದ ಕ್ರಿಯೆಯೆಂದು ಎಚ್ಚರಿಸಿ, ‘ಬರ್ನ್’ ಎಂಬ ಪದವನ್ನು ದೊಡ್ಡಕ್ಷರಗಳಲ್ಲಿ ಟೈಪು ಮಾಡಿದರೆ ಮಾತ್ರ ಮುಂದುವರಿಯುತ್ತದೆ. ಹೌದು ಎಂದು ಗುಂಡಿ ಒತ್ತಿದರೆ ಸಾಲದು. ಮಾಡುವ ಕೆಲಸದ ಹೆಸರನ್ನು ಮಾಡುವವನೇ ಉಚ್ಚರಿಸಬೇಕು. ಆಣೆಯಿಡುವಾಗ, ದಾನಕ್ಕೆ ನೀರೆರೆಯುವಾಗ ಮಾತನ್ನು ಕರ್ತೃವಿನ ಬಾಯಿಂದಲೇ ಹೇಳಿಸುವ ಆಚರಣೆಗಳನ್ನು ಬಲ್ಲವರಿಗೆ ಈ ಏರ್ಪಾಡಿನ ಅರ್ಥವನ್ನು ವಿವರಿಸಬೇಕಾಗಿಲ್ಲ.

ಒಮ್ಮೆ ಮಾತ್ರ ಸುಡಬಹುದಾದ ಬಿಟ್‌ಗಳಿಂದಲೂ ಹಿಂದೆಮುಂದೆ ಹೋಗುವ ಉಪಾಯವನ್ನು ಇದೇ ಚಿಪ್‌ನಲ್ಲಿ ಕಾಣಬಹುದು. ಹೊರಗಿನ ಸ್ಮೃತಿಯನ್ನು ಗೂಢಲಿಪಿಯಲ್ಲಿಡಬೇಕೇ ಬೇಡವೇ ಎಂಬುದನ್ನು ನಿರ್ಧರಿಸಲು ಅಲ್ಲಿ 7 ಬಿಟ್‌ಗಳನ್ನು ಕಾದಿರಿಸಲಾಗಿದೆ. ಸುಟ್ಟ ಬಿಟ್‌ಗಳ ಸಂಖ್ಯೆ ಬೆಸವಾದರೆ ಗೂಢಲಿಪಿ ಉಂಟು, ಸಮವಾದರೆ ಇಲ್ಲ. ಒಂದನ್ನು ಸುಟ್ಟರೆ ಉಂಟು, ಇನ್ನೊಂದನ್ನು ಸುಟ್ಟರೆ ಇಲ್ಲ, ಮೂರನೆಯದಕ್ಕೆ ಮತ್ತೆ ಉಂಟು. ಏಳನೆಯದು ಸುಟ್ಟ ಮೇಲೆ ಬದಲಾವಣೆಗೆ ಎಡೆಯಿಲ್ಲ. ಕೋಲಿನ ಮೇಲೆ ಕಚ್ಚು ಹಾಕಿ ಎಣಿಸುವ ಕ್ರಮವೇ ಇದು: ಕಚ್ಚನ್ನು ಕೂಡಿಸಬಹುದು, ಕಳೆಯಲಾಗದು, ಕೋಲಿನ ಉದ್ದಕ್ಕೆ ಮಿತಿಯಿದೆ. ಆಟದ ಯಂತ್ರವಾದ ನಿಂಟೆಂಡೊ ಸ್ವಿಚ್ ಕೂಡ ಇಂತಹ ಲೆಕ್ಕವನ್ನಿಡುತ್ತದೆ. ತಂತ್ರಾಂಶದ ಮುಖ್ಯ ಪರಿಷ್ಕರಣಗಳಾದಾಗ ಅದು ಫ್ಯೂಸ್ ಸುಡುತ್ತದೆ. ಹಳೆಯ ತಂತ್ರಾಂಶವನ್ನು ಮತ್ತೆ ಹಾಕಿದರೆ ಸುಟ್ಟ ಫ್ಯೂಸ್‌ಗಳ ಲೆಕ್ಕ ಹೆಚ್ಚಾಗಿ ಕಂಡು ಯಂತ್ರ ಏಳುವುದಿಲ್ಲ. ಕೊಂಡ ವಸ್ತು ಯಾರದು ಎಂಬ ಪ್ರಶ್ನೆ ಇಲ್ಲಿಯೂ ಏಳುತ್ತದೆ.

ಬೀಗವಿದ್ದಲ್ಲಿ ಅದನ್ನು ಮುರಿಯುವ ಜಾಣ್ಮೆಯೂ ಇರುತ್ತದೆ. 2002ರಲ್ಲಿ ಕೇಂಬ್ರಿಜ್‌ನ ಸೆರ್ಗೈ ಸ್ಕೊರೊಬೊಗಾಟೊವ್ ಮತ್ತು ರಾಸ್ ಆಂಡರ್ಸನ್, ಕವಚ ತೆಗೆದ ಚಿಪ್‌ನ ಮೇಲೆ ಸೂಕ್ಷ್ಮದರ್ಶಕದ ಮೂಲಕ ಕ್ಯಾಮೆರಾದ ಫ್ಲಾಷ್ ಬೆಳಕನ್ನು ಬಿಟ್ಟು ಅದರೊಳಗಿನ ಬಿಟ್‌ಗಳನ್ನು ಬದಲಿಸಬಹುದೆಂದು ತೋರಿಸಿದರು. ಪಿಐಸಿ ಚಿಪ್‌ಗಳಲ್ಲಿ ಬೀಗದ ಬಿಟ್‌ಗಳ ಮೇಲೆ ಅತಿನೇರಳೆ ಕಿರಣ ಬೀಳದಂತೆ ಲೋಹದ ಚಪ್ಪರ ಹಾಕಿದ್ದರು. ಆಂಡ್ರ್ಯೂ ಹುವಾಂಗ್ ಚಿಪ್ಪನ್ನು ಓರೆಯಾಗಿಟ್ಟರು. ಕಿರಣಗಳು ಚಪ್ಪರದ ಅಂಚಿನಿಂದ ನುಸುಳಿ, ಕೆಳಗಿನ ಸಿಲಿಕಾನ್‌ನಿಂದ ಪ್ರತಿಫಲಿಸಿ ಬೀಗವನ್ನು ಅಳಿಸಿದವು. ಕಾರ್ಯಕ್ರಮ ಅಳಿಯದಂತೆ ಆ ಭಾಗದ ಮೇಲೆ ಒಂದು ಚೂರು ಟೇಪ್ ಅಂಟಿಸಿದ್ದರು. 2019ರಲ್ಲಿ ಇಎಸ್‌ಪಿ32 ಚಿಪ್‌ನ ವಿದ್ಯುತ್ ಪೂರೈಕೆಗೆ ಸರಿಯಾದ ಕ್ಷಣದಲ್ಲಿ ಪೆಟ್ಟು ಕೊಟ್ಟು, ಓದಲು ಬಾರದೆಂದು ಬೀಗ ಹಾಕಿದ್ದ ಇ-ಫ್ಯೂಸ್‌ಗಳಿಂದ ಗುಪ್ತ ಕೀಲಿಯನ್ನು ಹೊರತೆಗೆದದ್ದು ಪ್ರಕಟವಾಯಿತು. ಸುಟ್ಟ ಬಿಟ್ ಅಲ್ಲಿ ಬದಲಾಗಲಿಲ್ಲ. ಅದನ್ನು ಓದಿ ‘ಬೀಗ ಹಾಕಿದೆ’ ಎಂದು ತಿಳಿಯಬೇಕಾದ ಭಾಗ ಆ ಕ್ಷಣ ಮೈಮರೆಯಿತು.

ಈ ತಾಂತ್ರಿಕ ಭೇದಗಳು ಕರ್ನಾಟಕಕ್ಕೆ ಹತ್ತಿರವಾಗುವುದು ವಿದ್ಯುನ್ಮಾನ ಮತಯಂತ್ರದ ಮೂಲಕ. ಭಾರತದ ಮತಯಂತ್ರಗಳನ್ನು ತಯಾರಿಸುವ ಎರಡು ಸಾರ್ವಜನಿಕ ಸಂಸ್ಥೆಗಳಲ್ಲಿ ಒಂದು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್, ಇನ್ನೊಂದು ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್. 2004ರ ಲೋಕಸಭಾ ಚುನಾವಣೆಯಿಂದ ದೇಶದಾದ್ಯಂತ ಬಳಕೆಯಲ್ಲಿರುವ ಈ ಯಂತ್ರಗಳ ಕಾರ್ಯಕ್ರಮ ಒಮ್ಮೆ ಮಾತ್ರ ಬರೆಯಬಹುದಾದ ಚಿಪ್‌ನಲ್ಲಿದೆ, ಅದನ್ನು ತಿದ್ದಲು ಬಾರದು ಎಂಬುದು ಚುನಾವಣಾ ಆಯೋಗ ಮೊದಲಿನಿಂದ ಮುಂದಿಟ್ಟಿರುವ ಭರವಸೆಗಳಲ್ಲಿ ಮುಖ್ಯವಾದದ್ದು. 2010ರಲ್ಲಿ ಹರಿ ಪ್ರಸಾದ್, ಅಲೆಕ್ಸ್ ಹಾಲ್ಡರ್‌ಮನ್ ಮತ್ತು ರಾಪ್ ಖೊಂಗ್ರೈಪ್ ಒಂದು ಯಂತ್ರವನ್ನು ಪರೀಕ್ಷಿಸಿ ಪ್ರಕಟಿಸಿದ ಅಧ್ಯಯನದಲ್ಲಿ ಆ ಚಿಪ್ಪನ್ನು ಮುಟ್ಟಲೇ ಇಲ್ಲ. ಫಲಿತಾಂಶವನ್ನು ತೋರಿಸುವ ಫಲಕವನ್ನು ತಮ್ಮದೊಂದು ಫಲಕದಿಂದ ಬದಲಿಸಿ ಬೇರೆ ಸಂಖ್ಯೆಗಳನ್ನು ತೋರಿಸಿದರು. ಮತಗಳನ್ನಿಟ್ಟಿರುವ ಬೇರೆ ಸ್ಮೃತಿಗೆ ಕ್ಲಿಪ್ಪು ಹಾಕಿ ಬದಲಿಸಿದರು. ಆಯೋಗ ಇದನ್ನು ಒಪ್ಪಲಿಲ್ಲ. ಯಂತ್ರಗಳು ತನ್ನ ಕಾವಲಿನಲ್ಲಿರುವಾಗ ಇಂತಹ ಕೆಲಸಕ್ಕೆ ಅವಕಾಶವಿಲ್ಲ ಎಂಬುದು ಅದರ ನಿಲುವು. 2013ರಿಂದ ಮತ ಖಾತರಿಯ ಕಾಗದದ ಚೀಟಿ ಯಂತ್ರದ ಜೊತೆಗೆ ಬಂದಿತು.

2024ರ ಏಪ್ರಿಲ್ 26ರಂದು ಸರ್ವೋಚ್ಚ ನ್ಯಾಯಾಲಯ, ಎಲ್ಲ ಚೀಟಿಗಳನ್ನೂ ಎಣಿಸಬೇಕೆಂಬ ಬೇಡಿಕೆಯನ್ನು ತಳ್ಳಿಹಾಕಿ, ಜೊತೆಗೆ ಒಂದು ನಿರ್ದೇಶನವನ್ನೂ ಕೊಟ್ಟಿತು. ಎರಡನೆಯ ಅಥವಾ ಮೂರನೆಯ ಸ್ಥಾನ ಪಡೆದ ಅಭ್ಯರ್ಥಿ ಫಲಿತಾಂಶದ 7 ದಿನಗಳೊಳಗೆ ಬರೆದು ಕೇಳಿದರೆ, ಪ್ರತಿ ವಿಧಾನಸಭಾ ವಿಭಾಗದ ಶೇಕಡಾ 5ರಷ್ಟು ಯಂತ್ರಗಳ ‘ಸುಟ್ಟ ಸ್ಮೃತಿ’ಯನ್ನು ತಯಾರಕ ಸಂಸ್ಥೆಯ ಇಂಜಿನಿಯರುಗಳು ಪರಿಶೀಲಿಸಬೇಕು. 1956ರ ಕ್ಷಿಪಣಿಯ ಗಣಕದಿಂದ ಹೊರಟ ‘ಸುಡು’ ಎಂಬ ಮಾತು ಹೀಗೆ ಭಾರತದ ನ್ಯಾಯಾಲಯದ ತೀರ್ಪಿನೊಳಗೆ ಬಂದು ಕುಳಿತಿದೆ.

ಆದರೆ ಪರಿಶೀಲಿಸುವುದೆಂದರೇನು? ಬರಹವನ್ನು ಯಾರೂ ತಿದ್ದಲಾರರು ಎಂಬ ಭರವಸೆ ಬೇರೆ, ಬರೆದದ್ದು ಏನೆಂದು ಯಾರಾದರೂ ಓದಿ ಹೇಳಬಲ್ಲರು ಎಂಬ ಭರವಸೆ ಬೇರೆ. ಫ್ಯೂಸ್ ಮೊದಲನೆಯದನ್ನು ಕೊಡುತ್ತದೆ. ಓದುವಿಕೆಯನ್ನು ತಡೆಯುವ ಬೀಗ ಎರಡನೆಯದನ್ನು ಕಸಿಯುತ್ತದೆ. ತಾಮ್ರಪಟದ ಬಳೆ ಪಟಗಳನ್ನು ಸೇರಿಸದಂತೆ ತಡೆಯುತ್ತಿತ್ತಾದರೂ ಓದುವವರನ್ನು ತಡೆಯುತ್ತಿರಲಿಲ್ಲ. ಬಳೆಯಲ್ಲಿದ್ದಂತೆಯೇ ಪಟಗಳನ್ನು ಮಗುಚಿ ಓದಬಹುದಾಗಿತ್ತು. ಆಯೋಗ 2024ರಲ್ಲಿ ಪ್ರಕಟಿಸಿದ ಕಾರ್ಯವಿಧಾನದಲ್ಲಿ ಸ್ಮೃತಿಯನ್ನು ಓದುವ ಬದಲು, ಪ್ರತಿ ಯಂತ್ರದಲ್ಲಿ 1400ರವರೆಗೆ ಅಣಕು ಮತಗಳನ್ನು ಹಾಕಿ, ಯಂತ್ರದ ಎಣಿಕೆಯನ್ನು ಕಾಗದದ ಚೀಟಿಗಳೊಂದಿಗೆ ಹೋಲಿಸುವ ಕ್ರಮವಿತ್ತು. ನಡತೆಯಿಂದ ಬರಹವನ್ನು ಊಹಿಸುವ ಈ ಪರೀಕ್ಷೆ ಸಾಕೇ ಎಂಬ ವಾದ ಮತ್ತೆ ನ್ಯಾಯಾಲಯಕ್ಕೆ ಹೋಯಿತು. 2025ರ ಫೆಬ್ರವರಿಯಲ್ಲಿ ನ್ಯಾಯಾಲಯ, ಪರಿಶೀಲನೆಯ ವೇಳೆ ಯಂತ್ರದಲ್ಲಿರುವ ಮತದಾನದ ದತ್ತಾಂಶವನ್ನು ಅಳಿಸಬಾರದು, ಮತ್ತೆ ತುಂಬಲೂ ಬಾರದು ಎಂದು ಆಯೋಗಕ್ಕೆ ಹೇಳಿತು. ಅಳಿಸಬಹುದಾದ ಆ ದತ್ತಾಂಶವೂ ಅಳಿಸಲಾಗದ ಆ ಕಾರ್ಯಕ್ರಮವೂ ಒಂದೇ ಪೆಟ್ಟಿಗೆಯೊಳಗಿವೆ, ಒಂದು ಕಡತವಾಗಿ, ಇನ್ನೊಂದು ಓಲೆಯಾಗಿ.